ಅಧ್ಯಾಪಕನ ತನ್ಮಯತೆಯೂ ಪಾಠದ ಫಲವೂ

ಉಪನಯನವನ್ನು ಮಾಡಿ ಕಲ್ಪರಹಸ್ಯಗಳೊಡನೆ ವೇದವನ್ನು ಓದಿಸುವವನು ಆಚಾರ್ಯನು. ಜೀವನೋಪಾಯಕ್ಕಾಗಿ ವೇದದ ಏಕದೇಶವನ್ನೋ ವೇದಾಂಗಗಳನ್ನೋ ಹೇಳಿಕೊಡುವವನು ಉಪಾಧ್ಯಾಯನು. ಇದು ಮನುಸ್ಮೃತಿಯ ಎರಡನೆಯ ಅಧ್ಯಾಯದ ವಿಭಾಗ. ಇದರಿಂದ, ವೇತನವನ್ನು ಪಡೆಯುವವನಿಗೆ ತನ್ನ ಕೆಲಸದಲ್ಲಿ ತನ್ಮಯತೆಯಿರಲಾರದೆಂದು ಕೆಲವರು ಊಹಿಸುವುದುಂಟು. ಆ ಊಹೆಯು ಸಾಧುವಲ್ಲವೆಂದು ನಮಗೆ ತೋರುತ್ತದೆ. ಮಾಲವಿಕಾಗ್ನಿಮಿತ್ರದ ಗಣದಾಸನು ಅರಸನ ಸಂಬಳವನ್ನುಣ್ಣುವ ನಾಟ್ಯಾಚಾರ್ಯನೇ. ಆದರೂ ವಿದ್ಯೆಯನ್ನು ಕೇವಲ ಹೊಟ್ಟೆಪಾಡಿಗೆ ಇಟ್ಟುಕೊಂಡವನು ವರ್ತಕನೆಂದು ಹಳಿಯುವವನೂ ಆತನೇ. ಆತನ ಯೋಗ್ಯತೆಯನ್ನು ಪರೀಕ್ಷಿಸುವುದು ಶಿಷ್ಯೆಯ ಪ್ರಯೋಗದ ಮೂಲಕ. ಪರೀಕ್ಷಿಸುವವಳು ಕಲೆಯನ್ನು ಬಲ್ಲ ಪರಿವ್ರಾಜಿಕೆ. (ಆ ಪಂದ್ಯವೇ ವಿದೂಷಕನ ಹೂಟವೆಂಬುದು ಬೇರೆ ಮಾತು.)

ಇಂಗ್ಲೆಂಡಿನಲ್ಲಿ ನಡೆದುದು ಇದಕ್ಕೆ ವಿಪರೀತ. 1862ರಲ್ಲಿ ರಾಬರ್ಟ್ ಲೋ ಎಂಬಾತನು ಜಾರಿಗೆ ತಂದ ನಿಯಮಾವಳಿಯಂತೆ, ಪ್ರಾಥಮಿಕ ಶಾಲೆಗೆ ಸಲ್ಲತಕ್ಕ ಸಹಾಯಧನವು ಮಕ್ಕಳ ಹಾಜರಿಯನ್ನೂ ಪರೀಕ್ಷೆಯ ಫಲವನ್ನೂ ಅವಲಂಬಿಸಿತು. ಓದು, ಬರಹ, ಲೆಕ್ಕ ಇವುಗಳಲ್ಲಿ ಮಗುವು ತೇರ್ಗಡೆಯಾಗದ ಒಂದೊಂದು ವಿಷಯಕ್ಕೂ 2 ಷಿಲಿಂಗು 8 ಪೆನ್ಸು ಖೋತಾ! ಆಗ ಶಾಲಾ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡನು ಇದರ ಪರಿಣಾಮವನ್ನು ಕಣ್ಣಾರೆ ಕಂಡು ತನ್ನ ವರದಿಗಳಲ್ಲಿ ಬರೆದನು. ಉಪಾಧ್ಯಾಯರು ವರ್ಷವಿಡೀ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದಿಸುವರು. ಮಕ್ಕಳು ನಿಜವಾಗಿ ಓದುಬಲ್ಲವರಾಗದೆಯೇ ಓದಿನಲ್ಲಿ ತೇರ್ಗಡೆಯಾಗುವರು. ಇಲ್ಲಿ ಉಪಾಧ್ಯಾಯರು ಸೋಮಾರಿಗಳಾದರೆಂದು ಹೇಳಲಾಗದು. ಶ್ರಮವಿತ್ತು, ಆದರೆ ಮನಸ್ಸು ಮಗುವನ್ನು ಬಿಟ್ಟು ಖೋತಾದ ಲೆಕ್ಕಕ್ಕೆ ತಿರುಗಿತ್ತು. ಈ ಪದ್ಧತಿಯು ನಮ್ಮ ದೇಶಕ್ಕೂ ಬಂದಿತು; 1882ರ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳಿಗೆ ಇದನ್ನೇ ವಿಧಿಸಿತು; 1904ರ ಸರಕಾರಿ ನಿರ್ಣಯದಲ್ಲಿ ಕೈಬಿಡಲ್ಪಟ್ಟಿತು.

ಹಾಗಾದರೆ ಫಲವನ್ನು ನೋಡಿ ಹಣ ಕೊಡುವುದೇ ದೋಷವೆಂದು ಸಿದ್ಧಾಂತ ಮಾಡಬಹುದೆ? ಮಾಡಲಾಗದು. ಆಂಧ್ರಪ್ರದೇಶದ ಗ್ರಾಮಶಾಲೆಗಳಲ್ಲಿ ಕಾರ್ತಿಕ ಮುರಳೀಧರನ್ ಮತ್ತು ವೆಂಕಟೇಶ ಸುಂದರರಾಮನ್ ಎಂಬವರು ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಕ್ಕಳ ಅಭಿವೃದ್ಧಿಯನ್ನನುಸರಿಸಿ ಉಪಾಧ್ಯಾಯರಿಗೆ ಬಹುಮಾನವನ್ನು ಕೊಡಲಾಗಿ, ಮಕ್ಕಳು ಗಣಿತದಲ್ಲಿಯೂ ಭಾಷೆಯಲ್ಲಿಯೂ ಮುಂದುವರಿದರು. ಬಹುಮಾನವಿಲ್ಲದ ವಿಜ್ಞಾನ, ಸಮಾಜಪಾಠಗಳಲ್ಲಿಯೂ ಮುಂದುವರಿದರು. ಉಪಾಧ್ಯಾಯರ ಗೈರುಹಾಜರಿಯು ಮಾತ್ರ ಕಡಮೆಯಾಗಲಿಲ್ಲ! ಬಂದ ದಿನ ಹೆಚ್ಚು ಪಾಠ ಹೇಳಿದರು, ಹೆಚ್ಚು ಅಭ್ಯಾಸ ಮಾಡಿಸಿದರು. ಆದಕಾರಣ ಹಾಜರಿಪುಸ್ತಕದಿಂದ ತನ್ಮಯತೆಯನ್ನು ಅಳೆಯುವುದು ವ್ಯರ್ಥ. ಇನ್ನೂ ಒಂದು ವಿಶೇಷವುಂಟು: ಅಲ್ಲಿಯ ಪ್ರಶ್ನೆಪತ್ರಿಕೆಗಳಲ್ಲಿ ಕಂಠಪಾಠಕ್ಕೆ ನಿಲುಕುವ ಪ್ರಶ್ನೆಗಳ ಜೊತೆಗೆ ಅರ್ಥಗ್ರಹಣವನ್ನು ಬೇಡುವ ಪ್ರಶ್ನೆಗಳೂ ಇದ್ದುವು. ಲೋ ಮಹಾಶಯನ ಪರೀಕ್ಷಕನಿಗಿಂತ ಈ ಪರೀಕ್ಷಕರು ಪರಿವ್ರಾಜಿಕೆಗೆ ತುಸು ಹತ್ತಿರದವರು.