ಹಾಡು ಗೊತ್ತು, ಮಾಡಿದವರು ಗೊತ್ತಿಲ್ಲ: ಕಾಕನಕೋಟೆಯಿಂದ ಶುರುವಾದ ಅಶ್ವತ್ಥ್‌ ಕಥೆ

ಇವತ್ತಿನ ಸಂಚಿಕೆಯನ್ನ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಸಿ. ಅಶ್ವತ್ಥ್‌ ಅಂದ ತಕ್ಷಣ ನಿಮಗೆ ನೆನಪಾಗೋದು ಏನು? ಶಿಶುನಾಳ ಷರೀಫರ ತತ್ವಪದ, ‘ಮೈಸೂರು ಮಲ್ಲಿಗೆ’, 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’. ಸರಿ. ಆದರೆ ಅವರು ಮೊದಲು ಸಂಗೀತ ಕೊಟ್ಟ ಸಿನಿಮಾ ಯಾವುದು ಅಂತ ಕೇಳಿದ್ರೆ ತುಂಬಾ ಜನ ತಡವರಿಸ್ತಾರೆ. ಉತ್ತರ ನಮ್ಮ ಎಚ್.ಡಿ. ಕೋಟೆ ಕಾಡಿನಲ್ಲೇ ಇದೆ: ‘ಕಾಕನ ಕೋಟೆ’.

ಮೊದಲು ಸ್ವಲ್ಪ ದೂರದ ಮಾತು. ಹಿಪ್‌ಹಾಪ್‌ನಲ್ಲಿ ‘ಪ್ರೊಡ್ಯೂಸರ್’ ಅಂದ್ರೆ ದುಡ್ಡು ಹಾಕೋ ನಿರ್ಮಾಪಕ ಅಲ್ಲ, ಹಾಡಿನ ನಾದವನ್ನ ಕಟ್ಟೋನು. ಡೆಟ್ರಾಯಿಟ್‌ನ ಜೆ ಡಿಲ್ಲಾ ಇದಕ್ಕೆ ದೊಡ್ಡ ಹೆಸರು. 2006ರ ಫೆಬ್ರುವರಿ 7, ಅವನ 32ನೇ ಹುಟ್ಟುಹಬ್ಬದ ದಿನ, ‘ಡೋನಟ್ಸ್’ ಆಲ್ಬಂ ಬಂತು. ಮೂರೇ ದಿನಕ್ಕೆ ಅವನು ತೀರಿಕೊಂಡ. ಜಗತ್ತು ಆ ಆಲ್ಬಂ ಅನ್ನ ತಲೆ ಮೇಲೆ ಹೊತ್ತುಕೊಂಡಿತು. ಆದರೆ ಹತ್ತು ವರ್ಷ ಮೊದಲೇ, 1996ರಲ್ಲಿ, ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ ಆಲ್ಬಂಗೆ ಅವನು ಕೆಲಸ ಮಾಡಿದ್ದ. ಅಲ್ಲಿ ಅವನಿದ್ದದ್ದು ‘ದಿ ಉಮ್ಮಾ’ ಅನ್ನೋ ಗುಂಪಿನ ಹೆಸರಿನೊಳಗೆ. ಹಾಡು ಕೇಳಿದ ಎಷ್ಟೋ ಜನಕ್ಕೆ ಅದರ ಹಿಂದಿನ ಕೈ ಯಾರದ್ದು ಅಂತ ಗೊತ್ತೇ ಇರಲಿಲ್ಲ.

ಅಶ್ವತ್ಥ್‌ ವಿಷಯದಲ್ಲೂ ಇಂಥದ್ದೇ ಆಗಿದೆ. 1980ರ ‘ನಾರದ ವಿಜಯ’, 1981ರ ‘ಆಲೆಮನೆ’ ಚಿತ್ರಗಳ ಹಾಡು ಇವತ್ತಿಗೂ ಗುನುಗೋರಿದ್ದಾರೆ. ಅಲ್ಲಿ ಸಂಗೀತ ‘ಅಶ್ವತ್ಥ್‌-ವೈದಿ’ ಅಂತ ಇರುತ್ತೆ. ವೈದಿ ಅಂದ್ರೆ ಎಲ್. ವೈದ್ಯನಾಥನ್, ಮುಂದೆ ‘ಮಾಲ್ಗುಡಿ ಡೇಸ್’ಗೆ ಸಂಗೀತ ಕೊಟ್ಟವರು. ಜೋಡಿ ಹೆಸರು, ಸಿನಿಮಾ ಹಾಡು, ಹಾಡಿದವರು ಬೇರೆ. ಹಾಗಾಗಿ ಭಾವಗೀತೆಯ ಅಶ್ವತ್ಥ್‌ ಬೇರೆ, ಈ ಅಶ್ವತ್ಥ್‌ ಬೇರೆ ಅನ್ನೋ ಹಾಗೆ ಆಗಿಬಿಟ್ಟಿದೆ.

ರಂಗದಿಂದ ತೆರೆಗೆ

ಈಗ ‘ಕಾಕನ ಕೋಟೆ’ಗೆ ಬರೋಣ. ಇದು ಮೂಲದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ನಾಟಕ. 17ನೇ ಶತಮಾನದ ಮೈಸೂರು, ರಣಧೀರ ಕಂಠೀರವ ನರಸರಾಜ ಒಡೆಯರ ಕಾಲ. ಒಂದು ಕಡೆ ಅರಮನೆ ಮತ್ತು ಅದರ ಅಧಿಕಾರಿಗಳು, ಇನ್ನೊಂದು ಕಡೆ ಕಾಡಿನ ಕುರುಬರು. ಬೆಂಗಳೂರಿನ ‘ನಟರಂಗ’ ತಂಡ ಸಿ.ಆರ್. ಸಿಂಹ ಅವರ ನಿರ್ದೇಶನದಲ್ಲಿ ಇದನ್ನ ರಂಗಕ್ಕೆ ತಂತು, ಸಂಗೀತ ಅಶ್ವತ್ಥ್‌ ಅವರದು. ಆಗ ಅವರು ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡ್ಕೊಂಡೇ ಸಂಗೀತ ಮಾಡ್ತಿದ್ದವರು. ನಾಟಕ ಗೆದ್ದಿತು. 1977ರಲ್ಲಿ ಸಿಂಹ ಅವರೇ ಅದನ್ನ ಸಿನಿಮಾ ಮಾಡಿದ್ರು, ಲೋಕೇಶ್, ಶ್ರೀನಾಥ್, ಗಿರಿಜಾ ಲೋಕೇಶ್ ಅಭಿನಯಿಸಿದ್ರು.

‘ನೇಸರ ನೋಡು’ ಹಾಡು ನೀವು ಕೇಳಿರ್ತೀರಿ. ಶಾಲಾ ವಾರ್ಷಿಕೋತ್ಸವ, ಚಾರಣ, ಶಿಬಿರ, ಎಲ್ಲ ಕಡೆ ಹಾಡ್ತಾರೆ. ಜನಪದ ಗೀತೆ ಅಂದುಕೊಂಡವರೂ ಇದ್ದಾರೆ. ಅಲ್ಲ, ಅದು ಇದೇ ಚಿತ್ರದ್ದು. ಸಾಹಿತ್ಯ ಮಾಸ್ತಿ, ರಾಗ ಸಂಯೋಜನೆ ಅಶ್ವತ್ಥ್‌. ಇನ್ನೊಂದ್ಸಲ ಗಮನ ಇಟ್ಟು ಕೇಳಿ. ರಂಗದ ಹಾಡಿನ ಗುಣ ಅದರಲ್ಲಿ ಇದೆ. ನಾಟಕದ ಹಾಡು ಒಬ್ಬ ದೊಡ್ಡ ಗಾಯಕನ ಕಂಠವನ್ನ ನೆಚ್ಚಿಕೊಳ್ಳೋ ಹಾಗಿಲ್ಲ. ನಟರೇ ಹಾಡಬೇಕು, ಹೆಜ್ಜೆ ಹಾಕ್ತಾ ಹಾಡಬೇಕು, ಕೊನೇ ಸಾಲಿನಲ್ಲಿ ಕೂತವನಿಗೂ ಮಾತು ಕೇಳಬೇಕು. ಅದಕ್ಕೇ ಸಣ್ಣ ಸಾಲು, ಮತ್ತೆ ಮತ್ತೆ ಬರೋ ಪಲ್ಲವಿ, ಗುಂಪಿಗೆ ಒಗ್ಗೋ ಲಯ. ಮುಂದೆ ಷರೀಫರ ಹಾಡಲ್ಲಿ ಸಾವಿರಾರು ಜನರನ್ನ ಒಟ್ಟಿಗೆ ಹಾಡಿಸಿದ ಅಶ್ವತ್ಥ್‌ ಅವರ ಬೇರು ಇಲ್ಲಿದೆ ಅಂತ ನನಗನ್ನಿಸುತ್ತೆ.

ಹಾಡಲ್ಲಿ ಕಾಡಿದೆ, ಕಾಡಿನವರು?

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಒಂದು ವಿಷಯ ಹೇಳದೆ ಹೋದರೆ ಮಾತು ಅರ್ಧ ಆಗುತ್ತೆ.

ಕಾಕನಕೋಟೆ ಹೊರಗಿನವರಿಗೆ ಗೊತ್ತಿದ್ದದ್ದು ಖೆಡ್ಡಾದಿಂದ, ಈಗ ಗೊತ್ತಿರೋದು ಸಫಾರಿಯಿಂದ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಬಂತು, ಕಾಡಿನ ಒಂದು ಭಾಗ ನೀರಿನಡಿ ಹೋಯ್ತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಅಂತ ಆದ ಮೇಲೆ ಜೇನು ಕುರುಬರ ಎಷ್ಟೋ ಹಾಡಿಗಳು ಕಾಡಿನಿಂದ ಹೊರಗೆ ಬಂದವು. ಅಂದ್ರೆ ತೆರೆ ಮೇಲೆ ಕಾಡಿನ ಕುರುಬರು ನಮ್ಮ ಕಾಡು ಅಂತ ಹಾಡ್ತಿದ್ದ ಅದೇ ದಶಕದಲ್ಲಿ, ಇಲ್ಲಿ ನಿಜವಾದ ಕುರುಬರ ಕಾಲಡಿಯ ನೆಲ ಜಾರ್ತಾ ಇತ್ತು.

ಅವರಿಗೆ ಅವರದ್ದೇ ಹಾಡುಗಳಿವೆ, ಅವರದ್ದೇ ನುಡಿ ಇದೆ. ‘ಕಾಕನ ಕೋಟೆ’ಯ ಹಾಡು ಅವರದ್ದಲ್ಲ, ಅವರನ್ನ ಕುರಿತು ಇಬ್ಬರು ದೊಡ್ಡವರು ಕಟ್ಟಿದ್ದು. ಅದರಲ್ಲಿ ತಪ್ಪೇನಿಲ್ಲ, ಪ್ರೀತಿಯಿಂದಲೇ ಕಟ್ಟಿದ್ದಾರೆ. ಆದರೆ ವ್ಯತ್ಯಾಸ ನಮಗೆ ಗೊತ್ತಿರಬೇಕು. ಹಿಪ್‌ಹಾಪ್‌ನಲ್ಲಿ ಈ ಲೆಕ್ಕ ಕೋರ್ಟ್‌ವರೆಗೂ ಹೋಯ್ತು. 1991ರಲ್ಲಿ ಬಿಜ್ ಮಾರ್ಕಿ ಅನ್ನೋ ರ್‍ಯಾಪರ್ ಅನುಮತಿ ಇಲ್ಲದೆ ಇನ್ನೊಬ್ಬರ ಹಾಡಿನ ತುಣುಕು ಬಳಸಿದ್ದಕ್ಕೆ ನ್ಯೂಯಾರ್ಕ್‌ನ ನ್ಯಾಯಾಲಯ ತಡೆ ಹಾಕಿತು. ಅಲ್ಲಿಂದ ಮೂಲ ಯಾರದ್ದು ಅಂತ ಬರೆಯೋದು, ಅನುಮತಿ ಕೇಳೋದು ದಂಧೆಯ ನಿಯಮವೇ ಆಯ್ತು.

ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಮುಂದಿನ ಸಲ ಶಾಲೆಯಲ್ಲಿ ಮಕ್ಕಳು ‘ನೇಸರ ನೋಡು’ ಹಾಡಿದ್ರೆ, ಮೈಕ್ ಹಿಡಿದ ಮೇಷ್ಟ್ರು ‘ಜನಪದ ಗೀತೆ’ ಅನ್ನದೆ ಮಾಸ್ತಿ, ಅಶ್ವತ್ಥ್‌ ಹೆಸರು ಹೇಳಲಿ. ಕೋಟೆ, ಹುಣಸೂರು ಕಡೆಯ ಶಾಲೆ ಆದ್ರೆ, ಪಕ್ಕದ ಹಾಡಿಯಿಂದ ಬಂದ ಮಗುವನ್ನ ‘ನಿಮ್ಮಜ್ಜಿ ಹಾಡ್ತಾರಲ್ಲ, ಅದೊಂದು ಹಾಡಪ್ಪ’ ಅಂತ ಕೇಳಲಿ. ಎರಡೂ ಒಂದೇ ವೇದಿಕೆ ಮೇಲೆ ಬರಲಿ.

ಇವತ್ತಿಗೆ ಇಷ್ಟು. ಮತ್ತೆ ಸಿಗೋಣ.