ಕೈಹೆಂಡ, ಕಾನೂನು ಮತ್ತು ಕ್ರಮಾನುಗತತೆಯ ನಿಯಮ

ಮಾದಕ ವಸ್ತು ಎಂದೊಡನೆ ನಮ್ಮ ಮನಸ್ಸು ಮಹಾನಗರಗಳತ್ತ ಹೊರಳುತ್ತದೆ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಸೇವೆಗೆ ನಿಯುಕ್ತರಾಗುವ ಗುರುಗಳು ಎದುರಿಸಬೇಕಾದದ್ದು ಸಿ.ಎಚ್. ಪೌಡರ್ ಬೆರೆತ ಸೇಂದಿಯನ್ನು. ಜನರ ಬಾಯಲ್ಲಿ ಅದು ಕೈಹೆಂಡ. ಹೆಸರಿಗೆ ಸೇಂದಿಯಾದರೂ ಎಷ್ಟೋ ವೇಳೆ ಅದರಲ್ಲಿ ಈಚಲು ಮರದ ಒಂದು ಹನಿಯೂ ಇರುವುದಿಲ್ಲ. ನೀರು, ಸಿಹಿಗೆ ಸ್ಯಾಕರಿನ್, ಮತ್ತಿಗೆ ಕ್ಲೋರಲ್ ಹೈಡ್ರೇಟ್. ಈ ರಾಸಾಯನಿಕವನ್ನು 1869ರಲ್ಲಿ ಜರ್ಮನಿಯ ಲೀಬ್ರೈಖ್ ಎಂಬ ವಿದ್ವಾಂಸರು ನಿದ್ರೆಯ ಔಷಧವಾಗಿ ಬಳಕೆಗೆ ತಂದರು. ಗದ್ದೆಯಲ್ಲಿ ದಿನವಿಡೀ ಬೆನ್ನು ಬಗ್ಗಿಸಿದವರಿಗೆ ಅಗ್ಗದ ನಿದ್ರೆ ಯಾಕೆ ಬೇಕಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ನಿತ್ಯ ಕುಡಿಯುವವನ ದೇಹ ಕ್ರಮೇಣ ಈ ಔಷಧಕ್ಕೆ ಒಗ್ಗಿಹೋಗುತ್ತದೆ. ಹಠಾತ್ತನೆ ನಿಂತರೆ ನಡುಕ, ಸನ್ನಿ, ಅಪಸ್ಮಾರದಂಥ ಸೆಳೆತ ಕಾಣಿಸಿಕೊಳ್ಳುತ್ತವೆ, ಪ್ರಾಣವೂ ಹೋಗಬಹುದು. 2015ರಲ್ಲಿ ನೆರೆಯ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯನ್ನು ಬಿಗಿಯಾಗಿ ತಡೆದಾಗ ನಿಜಾಮಾಬಾದ್, ಮಹಬೂಬ್‌ನಗರ ಮೊದಲಾದ ಜಿಲ್ಲೆಗಳಲ್ಲಿ ಇಂಥ ಲಕ್ಷಣಗಳಿಂದ ಜನ ಆಸ್ಪತ್ರೆಗಳಿಗೆ ಮುಗಿಬಿದ್ದರು. ವಿಷವನ್ನು ತಡೆದದ್ದು ಸರಿಯೇ. ವಿಷಕ್ಕೆ ಒಗ್ಗಿದ ದೇಹಗಳ ಗತಿಯೇನೆಂದು ಮೊದಲೇ ಯೋಚಿಸಿದವರು ವಿರಳ.

ನಮ್ಮ ಕಾನೂನಿನಲ್ಲಿ ಕರುಣೆಗೆ ಎಡೆಯೇ ಇಲ್ಲವೆನ್ನಲಾಗದು. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಂತೆ, ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪೂರೈಸಿದರೆ ಅವನು ವಿಚಾರಣೆಯಿಂದ ಮುಕ್ತನು. ಆದರೆ ಕ್ಲೋರಲ್ ಹೈಡ್ರೇಟ್ ಆ ಕಾಯ್ದೆಯ ಪಟ್ಟಿಯಲ್ಲಿಲ್ಲ. ಕೈಹೆಂಡದ ಪ್ರಕರಣಗಳು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಬರುತ್ತವೆ. ಅದರ ಕಣ್ಣು ಇರುವುದು ಪರವಾನಗಿ, ತೆರಿಗೆ, ಜಪ್ತಿಗಳ ಮೇಲೆ. ಸುಧಾರಣೆ ಇಲ್ಲಿಂದಲೇ ಆರಂಭವಾಗಬೇಕು ಎಂಬುದು ನಮ್ಮ ಅಭಿಪ್ರಾಯ: ದಾಳಿ ನಡೆಯುವ ಊರಿಗೆ ವೈದ್ಯರೂ ಹೋಗಬೇಕು.

ಇದು ಪಾಪದೊಡನೆ ರಾಜಿಯಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. 1999ರಲ್ಲಿ ಸಿಡ್ನಿಯ ಕಥೋಲಿಕ ಕನ್ಯಾಸ್ತ್ರೀಯರು ವ್ಯಸನಿಗಳು ವೈದ್ಯರ ಕಣ್ಗಾವಲಿನಲ್ಲಿ ಚುಚ್ಚಿಕೊಳ್ಳುವ ಕೇಂದ್ರವೊಂದನ್ನು ನಡೆಸಲು ಮುಂದಾದಾಗ ರೋಮ್ ಒಪ್ಪಲಿಲ್ಲ. 2001ರಲ್ಲಿ ಅದನ್ನು ತೆರೆದದ್ದು ಅಲ್ಲಿನ ಯುನೈಟಿಂಗ್ ಸಭೆ. ಆದರೆ ವೈದ್ಯರು ಬದಲಿ ಔಷಧ ಕೊಟ್ಟು, ಅದರ ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಬೇರೆ ವಿಷಯ. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2291ನೆಯ ಪರಿಚ್ಛೇದ ಮಾದಕ ಸೇವನೆಯನ್ನು ಘೋರ ಅಪರಾಧವೆಂದು ಕರೆಯುವಾಗಲೂ ಚಿಕಿತ್ಸೆಯನ್ನು ಹೊರತುಪಡಿಸುತ್ತದೆ. 1735ನೆಯದು ಚಟವು ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲದೆಂದು ಒಪ್ಪುತ್ತದೆ. ಎರಡನೇ ಜಾನ್ ಪಾಲರು 1981ರಲ್ಲಿ, ದಾಂಪತ್ಯದ ಸಂದರ್ಭದಲ್ಲಿ, ‘ಕ್ರಮಾನುಗತತೆಯ ನಿಯಮ’ವನ್ನು ‘ನಿಯಮದ ಕ್ರಮಾನುಗತತೆ’ಯಿಂದ ಬೇರ್ಪಡಿಸಿದರು. ಗುರಿ ಎಲ್ಲರಿಗೂ ಒಂದೇ, ತಲುಪುವ ನಡಿಗೆ ಮೆಟ್ಟಿಲು ಮೆಟ್ಟಿಲಾಗಿ. ಈ ವಿವೇಕ ವ್ಯಸನಿಗೂ ಸಲ್ಲುತ್ತದೆಂದು ನಾವು ತಿಳಿಯುತ್ತೇವೆ. ಗಾಯಾಳುವನ್ನು ಕಂಡ ಸಮಾರಿಯದ ದಾರಿಹೋಕನೂ ಅವನು ಆ ದಾರಿ ಏಕೆ ಹಿಡಿದನೆಂದು ವಿಚಾರಿಸಲಿಲ್ಲ.

ತಪಸ್ಸುಕಾಲ ಬಂದಾಗ ಕುಡಿತ ಬಿಡುವ ಹರಕೆ ಹೊರುವುದು ನಮ್ಮ ಜನರ ರೂಢಿ. ನಿತ್ಯ ಕೈಹೆಂಡ ಸೇವಿಸುವವನು ಬೂದಿ ಬುಧವಾರದಂದು ಇಂಥ ಹರಕೆಯೊಡನೆ ಬಂದರೆ, ಗುರುಗಳು ಅಂದೇ ಅವನಿಂದ ಆಣೆ ಮಾಡಿಸದಿರಲಿ. ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ರಾಯಚೂರಿನ ರಿಮ್ಸ್‌ಗೆ ಅವನೊಡನೆ ಹೋಗಲಿ; ಒಂದು ದಿನದ ಕೂಲಿ ತಪ್ಪುವ ಮನೆಗೆ ಬಸ್ಸಿನ ಖರ್ಚನ್ನು ಧರ್ಮಕೇಂದ್ರದ ದಾನನಿಧಿ ಭರಿಸಲಿ. ಹರಕೆಯನ್ನು ವೈದ್ಯರ ಚೀಟಿ ಬಂದ ಮೇಲೆ ಸ್ವೀಕರಿಸಬಹುದು.