ಮಾಡೆಲ್ ಆಗ್ತೀರಾ? ಮೊದಲು ದುಡ್ಡಿಡಿ!

ಬಸ್‌ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ ಚೀಟಿ ನೋಡಿದ್ದೀರಾ? ‘ಮಾಡೆಲ್‌ಗಳು ಬೇಕಾಗಿದ್ದಾರೆ. ಅನುಭವ ಬೇಕಿಲ್ಲ. ಕೈತುಂಬಾ ಸಂಬಳ.’ ಈಗ ಇದೇ ಚೀಟಿ ಮೊಬೈಲಿಗೂ ಬರುತ್ತೆ.

ಫೋನ್ ಮಾಡಿದರೆ ಸಾಕು, ‘ನಿಮ್ಮ ಮಗಳು ಸೆಲೆಕ್ಟ್ ಆಗಿದ್ದಾಳೆ’ ಅಂತಾರೆ. ಇವರ ಪರೀಕ್ಷೆಯಲ್ಲಿ ಫೇಲಾದವರೇ ಇಲ್ಲ! ಆಮೇಲೆ ವಸೂಲಿ ಶುರು. ಮೊದಲು ನೋಂದಣಿ ಶುಲ್ಕ, ನಂತರ ಫೋಟೋ ಆಲ್ಬಮ್ಮಿಗೆ ಸಾವಿರಗಟ್ಟಲೆ, ಅದೂ ಅವರು ಹೇಳಿದ ಸ್ಟುಡಿಯೋದಲ್ಲೇ. ದುಡ್ಡು ಕೈಸೇರಿತೋ, ಫೋನ್ ಸ್ವಿಚ್ ಆಫ್.

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಲ್ಲಾಳಿ ಮಾಲು ಮಾರಿಸಿದ ಮೇಲೆ ತಾನೇ ಕಮಿಷನ್ ಕೇಳೋದು? ನೆಟ್ಟಗಿನ ಏಜೆನ್ಸಿಯೂ ಹಾಗೇ, ಕೆಲಸ ಕೊಡಿಸಿ ಬಂದ ಹಣದಲ್ಲಿ ಪಾಲು ಹಿಡಿಯುತ್ತೆ. ಮುಂಗಡ ಕೇಳಿದವನನ್ನು ಮೆಟ್ಟಿಲಲ್ಲೇ ನಿಲ್ಲಿಸಿ.

ಹೋದ ಹಣ ದುಡಿಯಬಹುದು. ಹುಡುಗಿ ಕೊಟ್ಟ ಫೋಟೋ ಹಿಡಿದು ಬೆದರಿಸೋಕೆ ಕೂತರೆ? ನಾಚಿಕೆಯಿಂದ ಮನೇಲಿ ಬಾಯಿಬಿಡದ ಮಕ್ಕಳೇ ಇವರ ಬಂಡವಾಳ. ಮಕ್ಕಳನ್ನು ಬೈಯಬೇಡಿ, ಜೊತೆಗೆ ನಿಲ್ಲಿ. ಆನ್‌ಲೈನಲ್ಲಿ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ರಸೀದಿ, ಮೆಸೇಜು ಜೋಪಾನವಾಗಿಡಿ.

2024ರ ಜುಲೈ 1ರಿಂದ ಹಳೇ 420ನೇ ಕಲಂ ಹೋಗಿ ಭಾರತೀಯ ನ್ಯಾಯ ಸಂಹಿತೆಯ 318 ಬಂದಿದೆ. ನಂಬರು ಬದಲಾಯಿತು, ಟೋಪಿ ಹಾಕುವ ಕೈ ಅದೇ!